ಎಪಿಸ್ಕೋಪಲ್ ಚರ್ಚಿಗೆ ಮೊದಲ ಸಲ ಹೋಗುವವರಿಗೆ: ಬಾಗಿಲಿನಿಂದ ಕಾಫಿಯವರೆಗೆ

ಅಮೆರಿಕದ ಊರುಗಳಲ್ಲಿ ಓಡಾಡುವವರಿಗೆ ರಸ್ತೆ ಬದಿಯ ಒಂದು ಫಲಕ ಪರಿಚಿತವೇ. ಬಿಳಿ ಗುರಾಣಿಯ ಮೇಲೆ ಕೆಂಪು ಶಿಲುಬೆ, ಮೇಲಿನ ಎಡ ಮೂಲೆಯ ನೀಲಿಯಲ್ಲಿ ಒಂಬತ್ತು ಪುಟ್ಟ ಶಿಲುಬೆಗಳು, ಜೊತೆಗೆ ‘ಎಪಿಸ್ಕೋಪಲ್ ಚರ್ಚ್ ನಿಮ್ಮನ್ನು ಸ್ವಾಗತಿಸುತ್ತದೆ’ ಎಂಬ ಇಂಗ್ಲಿಷ್ ಸಾಲು. ಇದು ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಮೆರಿಕದ ಕವಲು. ಇಂಗ್ಲೆಂಡಿನಲ್ಲಿ ಬಿಷಪ್ ಆಗುವವರು ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು, ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಅಮೆರಿಕದವರು ಅದನ್ನು ಮಾಡುವಂತಿರಲಿಲ್ಲ. ಹಾಗಾಗಿ ಅಮೆರಿಕದ ಪಾದ್ರಿ ಸ್ಯಾಮ್ಯುಯೆಲ್ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಿಷಪ್ ಅಭಿಷೇಕ ಪಡೆದು ಬಂದರು, 1789ರಲ್ಲಿ ಸಭೆ ತನ್ನದೇ ಸಂವಿಧಾನ ಮಾಡಿಕೊಂಡಿತು. ಪುಟ್ಟ ಶಿಲುಬೆಗಳನ್ನು ಓರೆಯಾಗಿ, ಗುಣಾಕಾರದ ಚಿಹ್ನೆಯಂತೆ ಜೋಡಿಸಿರುವುದು ಸ್ಕಾಟ್ಲೆಂಡಿನ ಆ ಋಣದ ನೆನಪಿಗೆ. ಒಂಬತ್ತು ಎಂಬ ಲೆಕ್ಕ ಮೊದಲ ಒಂಬತ್ತು ಡಯಾಸಿಸ್‌ಗಳದು, ಅಂದರೆ ಬಿಷಪ್ ಆಡಳಿತದ ಪ್ರಾಂತಗಳದು.

ಈ ಚರ್ಚಿನೊಳಗೆ ಕಾಲಿಡುವ ಕನ್ನಡಿಗರು ಒಂದೇ ಬಗೆಯವರಲ್ಲ. ಸಹೋದ್ಯೋಗಿಯ ಕರೆಗೆ ಓಗೊಟ್ಟು ಹೋಗುವವರಿದ್ದಾರೆ, ಪಕ್ಕದ ಮನೆಯ ಮಗು ಕಾಯರ್‌ನಲ್ಲಿ ಹಾಡುವುದನ್ನು ಕೇಳಲು ಹೋಗುವವರಿದ್ದಾರೆ. ಮಂಗಳೂರು, ಧಾರವಾಡ, ಬೆಂಗಳೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಿಂದ ಬಂದು ಹೊಸ ಊರಲ್ಲಿ ಸಭೆ ಹುಡುಕುವವರೂ ಇದ್ದಾರೆ. ಸಿಎಸ್‌ಐ ಕೂಡ ಆಂಗ್ಲಿಕನ್ ಒಕ್ಕೂಟದ ಸದಸ್ಯ ಸಭೆಯಾದ್ದರಿಂದ ಇವರಿಗೆ ಇದು ದಾಯಾದಿಗಳ ಮನೆಯೇ. ಯಾರೇ ಆಗಲಿ, ಮೊದಲೇ ಯೋಚಿಸಿಕೊಂಡು ಹೋಗಬೇಕಾದ ವಿಷಯ ಒಂದೇ: ಪ್ರಭು ಭೋಜನದ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಹೊತ್ತಿನಲ್ಲಿ ನೀವೇನು ಮಾಡುತ್ತೀರಿ ಎಂಬುದು. ಮಿಕ್ಕದ್ದೆಲ್ಲ ಕೈಗೆ ಕೊಡುವ ಹಾಳೆಯಲ್ಲಿ ಅಚ್ಚಾಗಿರುತ್ತದೆ. ತಪ್ಪಿದರೂ ಯಾರೂ ತಿರುಗಿ ನೋಡುವುದಿಲ್ಲ.

ಯಾವ ಹೊತ್ತಿನ ಆರಾಧನೆಗೆ ಹೋಗಬೇಕು

ಸಾಮಾನ್ಯವಾಗಿ ಭಾನುವಾರ ಎರಡು ಆರಾಧನೆ ಇರುತ್ತವೆ. ಬೆಳಿಗ್ಗೆ 8ರ ಸುಮಾರಿನದು ಚಿಕ್ಕದು, ಬಹುಪಾಲು ಹಾಡಿಲ್ಲದ್ದು, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಅಲ್ಲಿ ಹಳೆಯ ಇಂಗ್ಲಿಷಿನ ‘ರೈಟ್ ಒನ್’ ಕ್ರಮ ಬಳಸುವುದು ಹೆಚ್ಚು. ಬರುವವರು ಕೆಲವೇ ಮಂದಿ, ಅವರೂ ದೂರ ದೂರ ಕೂರುತ್ತಾರೆ. ಮೊದಲ ಸಲಕ್ಕೆ ಇದು ಅಷ್ಟು ಹಿತವಲ್ಲ, ಏಕೆಂದರೆ ನೋಡಿ ಅನುಸರಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. 10 ಅಥವಾ 10.30ರದ್ದು ಕಾಯರ್, ಆರ್ಗನ್, ಮಕ್ಕಳ ಸಂಡೇ ಸ್ಕೂಲ್ ಎಲ್ಲ ಇರುವ ದೊಡ್ಡ ಆರಾಧನೆ. ಒಂದರಿಂದ ಒಂದೂಕಾಲು ಗಂಟೆ ಹಿಡಿಯುತ್ತದೆ. ಇದನ್ನೇ ಆರಿಸಿಕೊಳ್ಳಿ.

ಹೊರಡುವ ಮುನ್ನ ಆ ಚರ್ಚಿನ ಜಾಲತಾಣದಲ್ಲಿ ಸಮಯ ನೋಡಿಕೊಳ್ಳಿ. ಗೂಗಲ್ ಮ್ಯಾಪ್ ಹೇಳುವ ಸಮಯ ಎಷ್ಟೋ ಸಲ ಹಳೆಯದಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಆರಂಭದವರೆಗೆ ಬಹಳ ಕಡೆ ಎರಡನ್ನೂ ಸೇರಿಸಿ ಒಂದೇ ಆರಾಧನೆ ಮಾಡುತ್ತಾರೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಅದನ್ನು ಮರೆತವರು ಬಾಗಿಲು ತೆರೆದು ಒಳಗೆ ಬರುವ ಹೊತ್ತಿಗೆ ಕಡೆಯ ಹಾಡು ನಡೆಯುತ್ತಿರುತ್ತದೆ. ನವೆಂಬರ್‌ನ ಮೊದಲ ಭಾನುವಾರ ಇದರ ಉಲ್ಟಾ, ಖಾಲಿ ಪಾರ್ಕಿಂಗ್‌ನಲ್ಲಿ ಒಂದು ಗಂಟೆ ಕಾಯಬೇಕು.

ಮೊದಲ ಭೇಟಿಗೆ ಹಬ್ಬದ ದಿನಕ್ಕಿಂತ ಸಾದಾ ಭಾನುವಾರ ವಾಸಿ. ಬಲಿಪೀಠಕ್ಕೆ ಹಸಿರು ಬಟ್ಟೆ ಹೊದಿಸಿದ್ದರೆ ಅದು ಸಾದಾ ಕಾಲ. ನೇರಳೆ ಉಪವಾಸ ಕಾಲಕ್ಕೆ, ಬಿಳಿ ಕ್ರಿಸ್ಮಸ್-ಈಸ್ಟರ್‌ಗೆ, ಕೆಂಪು ಪೆಂತೆಕೋಸ್ತ್ ಹಬ್ಬಕ್ಕೆ. ಈಸ್ಟರ್ ಮುನ್ನಾ ರಾತ್ರಿಯ ಜಾಗರಣೆ ಬಲು ಸೊಗಸು. ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಒಂದು ದೊಡ್ಡ ಮೇಣದ ಬತ್ತಿಯಿಂದ ಎಲ್ಲರ ಕೈಯ ಬತ್ತಿಗೂ ದೀಪ ದಾಟಿಸುತ್ತಾರೆ. ಆದರೆ ಬೈಬಲ್ ಓದುಗಳು ಒಂದರ ಮೇಲೊಂದು ಬರುತ್ತವೆ, ಎರಡು ಗಂಟೆ ದಾಟುವುದೂ ಉಂಟು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಕ್ರಿಸ್ಮಸ್ ಮುನ್ನಾ ದಿನದ ಸಂಜೆ 4ರ ಸುಮಾರಿನ ಆರಾಧನೆ ಅನುಕೂಲ. ಅದಕ್ಕೆ ಅರ್ಧ ಗಂಟೆ ಮೊದಲೇ ಹೋಗದಿದ್ದರೆ ನಿಂತೇ ಇರಬೇಕಾದೀತು.

ಬಟ್ಟೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಜೀನ್ಸ್, ಸೀರೆ, ಚೂಡಿದಾರ, ಸೂಟು ಎಲ್ಲವೂ ಒಂದೇ ಬೆಂಚಿನಲ್ಲಿ ಕಾಣಸಿಗುತ್ತವೆ. ಹೆಂಗಸರು ತಲೆಗೆ ಸೆರಗು ಹೊದೆಯಬೇಕಿಲ್ಲ, ಗಂಡಸರು ಟೋಪಿ ತೆಗೆಯಬೇಕು. ಚಪ್ಪಲಿ, ಬೂಟು ಹಾಕಿಕೊಂಡೇ ಒಳಗೆ ಹೋಗಿ. ಬಾಗಿಲಲ್ಲಿ ಬಿಟ್ಟರೆ ಯಾರದೋ ಮರೆತ ವಸ್ತುವೆಂದು ಎತ್ತಿಡುತ್ತಾರೆ. ಹಳೆಯ ಕಲ್ಲಿನ ಕಟ್ಟಡಗಳು ಚಳಿಗಾಲದಲ್ಲಿ ಬೇಗ ಬೆಚ್ಚಗಾಗುವುದಿಲ್ಲ, ಒಂದು ಸ್ವೆಟರ್ ಇರಲಿ.

ಬಾಗಿಲು, ಬೆಂಚು

ಹತ್ತು ನಿಮಿಷ ಮುಂಚೆ ತಲುಪಿ. ಎದುರಿನ ದೊಡ್ಡ ಬಾಗಿಲು ಬಹಳ ಕಡೆ ಕೆಂಪು ಬಣ್ಣದ್ದು, ಫೋಟೋಗಳಲ್ಲಿ ಕಾಣುವುದೂ ಅದೇ. ಜನ ಓಡಾಡುವುದು ಮಾತ್ರ ಪಾರ್ಕಿಂಗ್ ಕಡೆಯ ಪಕ್ಕದ ಬಾಗಿಲಿನಲ್ಲಿ. ನಾಲ್ಕು ಮಂದಿ ಎಲ್ಲಿಂದ ಹೋಗುತ್ತಾರೋ ನೋಡಿ ಹಿಂದೆ ಹೋಗಿ. ಒಳಗೆ ನಿಂತಿರುವ ಅಷರ್, ಅಂದರೆ ಬಂದವರಿಗೆ ದಾರಿ ತೋರುವವರು, ಒಂದು ಅಚ್ಚಾದ ಹಾಳೆ ಕೊಡುತ್ತಾರೆ, ಅದಕ್ಕೆ ಬುಲೆಟಿನ್ ಎನ್ನುತ್ತಾರೆ. ಹೊಸಬರೆಂದು ಅವರಿಗೆ ಹೇಳಿಬಿಡುವುದು ಒಳ್ಳೆಯದು. ಶೌಚಾಲಯ ಎಲ್ಲಿ, ಮಗುವನ್ನು ಎಲ್ಲಿ ಬಿಡಬಹುದು, ಮೆಟ್ಟಿಲು ಹತ್ತಲಾಗದವರಿಗೆ ದಾರಿ ಯಾವುದು, ಎಲ್ಲಕ್ಕೂ ಉತ್ತರ ಅವರ ಬಳಿ ಇರುತ್ತದೆ.

ಮುಂದಿನ ಸಾಲು ಖಾಲಿ ಇರುತ್ತದೆಂದು ಅಲ್ಲಿ ಹೋಗಿ ಕೂರಬೇಡಿ. ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದು ನೋಡಲು ಮುಂದೆ ಯಾರೂ ಇರುವುದಿಲ್ಲ. ಹಿಂದಿನಿಂದ ಮೂರನೆಯದೋ ನಾಲ್ಕನೆಯದೋ ಸಾಲು ಸರಿ. ಧೂಪ ಹಾಕುವ ಚರ್ಚಾಗಿದ್ದು ನಿಮಗೆ ಅಸ್ತಮಾ ಇದ್ದರೆ ಹಿಂಬದಿಯ ತುದಿಯೇ ಒಳ್ಳೆಯದು. ನೇರ ಪ್ರಸಾರ ಮಾಡುವ ಕಡೆ ಕ್ಯಾಮೆರಾಗೆ ಬೀಳದ ಜಾಗ ಯಾವುದೆಂದು ಅಷರನ್ನು ಕೇಳಬಹುದು. ಮುಂದಿನ ಬೆಂಚಿನ ಹಿಂಬದಿಗೆ, ಕಾಲಬುಡದಲ್ಲಿ, ಮಡಚುವ ಮೆತ್ತನೆಯ ಹಲಗೆ ಇರುತ್ತದೆ. ಅದು ಮೊಣಕಾಲೂರಲು, ಕಾಲಿಟ್ಟುಕೊಳ್ಳಲು ಅಲ್ಲ. ಅದನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿ. ಕಾಲಲ್ಲಿ ತಳ್ಳಿದರೆ ಧಡ್ ಎಂದು ಬೀಳುತ್ತದೆ, ಅದೂ ಎಲ್ಲರೂ ಮೌನವಾಗಿರುವ ಹೊತ್ತಿಗೇ.

ಮಕ್ಕಳ ಗದ್ದಲಕ್ಕೆ ಇಲ್ಲಿ ಸಹನೆ ಹೆಚ್ಚು. ಪ್ರಸಂಗದ (ಪಾದ್ರಿಯ ಉಪದೇಶದ) ಹೊತ್ತಿಗೆ ಮಕ್ಕಳನ್ನು ಸಂಡೇ ಸ್ಕೂಲಿಗೆ ಕರೆದೊಯ್ದು ನಡುವೆ ವಾಪಸ್ ಕರೆತರುವ ರೂಢಿ ಅನೇಕ ಕಡೆ ಇದೆ. ನಿಮ್ಮ ಮಗು ಒಲ್ಲೆನೆಂದರೆ ಜೊತೆಯಲ್ಲೇ ಇಟ್ಟುಕೊಳ್ಳಿ, ಇಲ್ಲವೇ ನೀವೂ ಹೋಗಿ ಅಲ್ಲಿ ಕುಳಿತುಕೊಳ್ಳಿ.

ಎರಡು ಪುಸ್ತಕ, ಒಂದು ಹಾಳೆ

ಹೊಸಬರು ನಿಜವಾಗಿ ಒದ್ದಾಡುವುದು ಪುಸ್ತಕಗಳ ಜೊತೆ. ಕೆಲವು ಚರ್ಚುಗಳು ಪ್ರಾರ್ಥನೆ, ಹಾಡು ಎಲ್ಲವನ್ನೂ ಬುಲೆಟಿನ್‌ನಲ್ಲೇ ಅಚ್ಚು ಹಾಕಿಸುತ್ತವೆ, ಅಲ್ಲಿ ಚಿಂತೆಯಿಲ್ಲ. ಉಳಿದ ಕಡೆ ಬೆಂಚಿನ ಹಿಂದೆ ಎರಡು ದಪ್ಪ ಪುಸ್ತಕ ಇರುತ್ತವೆ. ಒಂದು 1979ರ ಪ್ರಾರ್ಥನಾ ಪುಸ್ತಕ, ‘ಬುಕ್ ಆಫ್ ಕಾಮನ್ ಪ್ರೇಯರ್’. ಇನ್ನೊಂದು ಹಾಡಿನ ಪುಸ್ತಕ, ‘ಹಿಮ್ನಲ್ 1982’. ರಟ್ಟಿನ ಬಣ್ಣ ಚರ್ಚಿನಿಂದ ಚರ್ಚಿಗೆ ಬೇರೆ ಇರಬಹುದು, ಬೆನ್ನಿನ ಮೇಲಿನ ಹೆಸರು ನೋಡಿಯೇ ತೆಗೆಯಿರಿ.

ಪ್ರಾರ್ಥನಾ ಪುಸ್ತಕದ ಒಂದು ಗುಣ ನೆನಪಿಡಿ: ಯಾವ ಊರಿನಲ್ಲಿ ತೆಗೆದರೂ ಪುಟ ಸಂಖ್ಯೆ ಒಂದೇ. ಈಗಿನ ಇಂಗ್ಲಿಷಿನ ‘ರೈಟ್ ಟೂ’ ಆರಾಧನೆ 355ನೇ ಪುಟದಲ್ಲಿ ಶುರು. ನಿಕೇಯ ವಿಶ್ವಾಸ ಪ್ರಮಾಣ 358ರಲ್ಲಿ, ಪಾಪದ ಅರಿಕೆ 360ರಲ್ಲಿ. ನಡುವೆ ಒಂದು ಜಿಗಿತವಿದೆ, ಎಲ್ಲರೂ ಎಡವುವುದು ಅಲ್ಲೇ. ಪ್ರಭು ಭೋಜನದ ಮುಖ್ಯ ಪ್ರಾರ್ಥನೆಗೆ ಎ, ಬಿ, ಸಿ, ಡಿ ಎಂದು ನಾಲ್ಕು ರೂಪಗಳಿವೆ. ಎ 361ರಲ್ಲಿ, ಬಿ 367ರಲ್ಲಿ, ಸಿ 369ರಲ್ಲಿ, ಡಿ 372ರಲ್ಲಿ. ಎ ಬಿಟ್ಟು ಬೇರೆಯದನ್ನು ಆರಿಸಿದ ದಿನ ಮುಂದಕ್ಕೆ ಹೋಗಿ, ಕರ್ತನ ಪ್ರಾರ್ಥನೆಗೆ ಮತ್ತೆ 364ಕ್ಕೆ ಹಿಂದೆ ಬರಬೇಕು. ಅಲ್ಲೊಂದು ಬೆರಳಿಟ್ಟುಕೊಂಡಿರಿ. ಕೀರ್ತನೆಗಳು 585ರಿಂದ.

ಹಾಡಿನ ಪುಸ್ತಕದ ಬಲೆಯೇ ಬೇರೆ. ಬುಲೆಟಿನ್‌ನಲ್ಲಿ ‘ಎಸ್ 280’ ಎಂದಿದ್ದರೆ ಅದು 280ನೇ ಹಾಡಲ್ಲ. ‘ಎಸ್’ ಅಕ್ಷರ ಹೊತ್ತ ಆರಾಧನಾ ಸಂಗೀತವೆಲ್ಲ ಪುಸ್ತಕದ ಮುಂಭಾಗದಲ್ಲಿ ಬೇರೆಯಾಗಿ ಇದೆ. 1ರಿಂದ 720ರವರೆಗಿನ ಹಾಡುಗಳು ಆಮೇಲೆ ಬರುತ್ತವೆ. ಗೋಡೆಯ ಹಲಗೆಯ ಮೇಲೆ ತೂಗುಹಾಕಿರುವ ಸಂಖ್ಯೆಗಳೂ ಹಾಡಿನವು, ಪುಟದವಲ್ಲ.

ಕ್ಯಾಥೊಲಿಕರಾಗಿ ಬೆಳೆದವರಿಗೆ ಎಲ್ಲವೂ ಗೊತ್ತಿರುವಂತೆಯೇ ಕಾಣುತ್ತದೆ, ಆದರೆ ಎರಡು ಕಡೆ ನಾಲಿಗೆ ತಪ್ಪುತ್ತದೆ. ‘ದ ಲಾರ್ಡ್ ಬಿ ವಿತ್ ಯು’ ಎಂದಾಗ ‘ರೈಟ್ ಟೂ’ನಲ್ಲಿ ಉತ್ತರ ‘ಅಂಡ್ ಆಲ್ಸೊ ವಿತ್ ಯು’. ಕ್ಯಾಥೊಲಿಕ್ ಇಂಗ್ಲಿಷ್ ಪೂಜೆಯಲ್ಲಿ 2011ರಲ್ಲಿ ಬದಲಾದ ಉತ್ತರ ಇಲ್ಲಿಗೆ ಬಂದಿಲ್ಲ. ಇನ್ನೊಂದು, ಕರ್ತನ ಪ್ರಾರ್ಥನೆ ಕೇಡಿನಿಂದ ಬಿಡಿಸು ಎಂಬಲ್ಲಿಗೆ ನಿಲ್ಲದೆ ‘ರಾಜ್ಯವೂ ಬಲವೂ ಮಹಿಮೆಯೂ’ ಎಂಬ ಸಾಲಿಗೆ ಸೀದಾ ಹರಿಯುತ್ತದೆ. ಸಿಎಸ್‌ಐನವರಿಗೆ ಇದು ಹೊಸದಲ್ಲ.

ಏಳುವುದು, ಕೂರುವುದು, ಕೈ ಕುಲುಕುವುದು

ಸ್ಥೂಲ ನಿಯಮ: ಹಾಡುವಾಗ ನಿಲ್ಲಿ, ಓದು ಮತ್ತು ಪ್ರಸಂಗ ಕೇಳುವಾಗ ಕೂರಿ, ಪ್ರಾರ್ಥಿಸುವಾಗ ನಿಲ್ಲಿ ಅಥವಾ ಮೊಣಕಾಲೂರಿ. ಸುವಾರ್ತೆಯ, ಅಂದರೆ ಯೇಸುವಿನ ಬದುಕು ಹೇಳುವ ಭಾಗದ, ಓದಿಗೆ ಮಾತ್ರ ಎಲ್ಲರೂ ಎದ್ದು ನಿಲ್ಲುತ್ತಾರೆ. ಪುಸ್ತಕವನ್ನು ಬೆಂಚುಗಳ ನಡುವಿನ ದಾರಿಗೆ ತಂದು ಓದುವ ಕಡೆ ಜನ ಆ ದಿಕ್ಕಿಗೆ ತಿರುಗುತ್ತಾರೆ, ನೀವೂ ತಿರುಗಿ. ಆಗ ಕೆಲವರು ಹೆಬ್ಬೆರಳಿನಿಂದ ಹಣೆ, ತುಟಿ, ಎದೆಯ ಮೇಲೆ ಪುಟ್ಟ ಶಿಲುಬೆ ಎಳೆದುಕೊಳ್ಳುತ್ತಾರೆ, ಕೆಲವರು ಸುಮ್ಮನಿರುತ್ತಾರೆ. ಮೆರವಣಿಗೆಯ ಶಿಲುಬೆ ಪಕ್ಕದಲ್ಲಿ ಹಾದುಹೋಗುವಾಗ ತಲೆ ಬಾಗಿಸುವುದೂ ಅವರವರ ಇಷ್ಟ. ಮೊಣಕಾಲು ನೋವಿದ್ದವರು ಇಡೀ ಹೊತ್ತು ಕುಳಿತೇ ಇದ್ದರೂ ಸರಿಯೇ.

ಓದುಗಳು ಮುಗಿದ ಮೇಲೆ ಪ್ರಸಂಗ, ಹತ್ತು-ಹದಿನೈದು ನಿಮಿಷ. ಪ್ರಸಂಗ ಮಾಡುವ ಪಾದ್ರಿ ಹೆಂಗಸಾಗಿರಬಹುದು. ಈ ಸಭೆ 1976ರಲ್ಲೇ ಹೆಣ್ಣುಮಕ್ಕಳ ಪಾದ್ರಿ ದೀಕ್ಷೆಗೆ ಒಪ್ಪಿಗೆ ಕೊಟ್ಟಿದೆ, 1989ರಲ್ಲಿ ಬಾರ್ಬರಾ ಹ್ಯಾರಿಸ್ ಮೊದಲ ಮಹಿಳಾ ಬಿಷಪ್ ಆದರು. ಸಲಿಂಗ ದಂಪತಿಗಳ ಮದುವೆಗೂ 2015ರಿಂದ ಅವಕಾಶವಿದೆ, ಬಾಗಿಲ ಬಳಿ ಕಾಮನಬಿಲ್ಲಿನ ಬಾವುಟ ಕಂಡರೆ ಅಚ್ಚರಿ ಬೇಡ.

ಪಾಪದ ಅರಿಕೆಯಾದ ಮೇಲೆ ಸಮಾಧಾನ ಹಂಚಿಕೊಳ್ಳುವ ಘಳಿಗೆ. ಇದ್ದಕ್ಕಿದ್ದಂತೆ ಎಲ್ಲರೂ ಎದ್ದು ಅತ್ತಿತ್ತ ತಿರುಗಿ ‘ಪೀಸ್’ ಎನ್ನುತ್ತ ಕೈ ಕುಲುಕುತ್ತಾರೆ. ಚಿಕ್ಕ ಚರ್ಚುಗಳಲ್ಲಿ ಇಡೀ ಕಟ್ಟಡ ಸುತ್ತಿ ಬರುವವರೂ ಇದ್ದಾರೆ. ಇದರ ಹಿಂದೆ ನಮ್ಮ ಕಡೆಯ ಪಾಲೂ ಇದೆ. 1947ರಲ್ಲಿ ಹುಟ್ಟಿದ ಸಿಎಸ್‌ಐ, 1950ರ ತನ್ನ ಪ್ರಭು ಭೋಜನದ ಕ್ರಮದಲ್ಲಿ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿ ತಂದಿತು. ಕೇರಳದ ಸಿರಿಯನ್ ಕ್ರೈಸ್ತರ ಆರಾಧನೆಯಲ್ಲಿ ಅದು ಮೊದಲಿಂದಲೂ ಇತ್ತು. ಪಶ್ಚಿಮದ ಸಭೆಗಳು ತಮ್ಮ ಕ್ರಮಗಳನ್ನು ತಿದ್ದಿಕೊಂಡಾಗ ಈ ಮಾದರಿ ಅವರ ಕಣ್ಣ ಮುಂದಿತ್ತು. ಕೈ ಕುಲುಕಲು ಮನಸ್ಸಿಲ್ಲದಿದ್ದರೆ ಕೈ ಜೋಡಿಸಿ ನಗುಮುಖ ತೋರಿಸಿ, ಕೋವಿಡ್ ನಂತರ ಅದು ಎಲ್ಲರಿಗೂ ಅರ್ಥವಾಗುತ್ತದೆ.

ಆಮೇಲೆ ಪ್ರಕಟಣೆಗಳು, ಕಾಣಿಕೆಯ ತಟ್ಟೆ. ಸದಸ್ಯರು ಬಹಳ ಮಂದಿ ವರ್ಷಕ್ಕೆ ಇಷ್ಟು ಕೊಡುತ್ತೇವೆಂದ ವಾಗ್ದಾನದ ಹಣವನ್ನು ಆನ್‌ಲೈನಿನಲ್ಲೇ ಕಟ್ಟುವುದರಿಂದ ಅವರೂ ತಟ್ಟೆಯನ್ನು ಮುಂದಕ್ಕೆ ದಾಟಿಸುತ್ತಾರೆ. ಹೊಸಬರು ಹಾಕಲೇಬೇಕೆಂದೇನಿಲ್ಲ. ಹಾಕುವ ಮನಸ್ಸಾದರೆ ಐದೋ ಹತ್ತೋ ಡಾಲರ್ ಸಾಕು.

ಪ್ರಭು ಭೋಜನ: ಮನೆಯಲ್ಲೇ ತೀರ್ಮಾನಿಸಿ

ನಿಯಮ ಹೀಗಿದೆ. ಯಾವುದೇ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನ ಆಗಿರುವವರು ಸ್ವೀಕರಿಸಬಹುದು. ಎಪಿಸ್ಕೋಪಲ್ ಸದಸ್ಯರೇ ಆಗಿರಬೇಕಿಲ್ಲ. ದೀಕ್ಷಾಸ್ನಾನ ಆಗದವರಿಗೆ ಸಭೆಯ ಕಾನೂನಿನ ಪ್ರಕಾರ ಇಲ್ಲ. ಆದರೆ ಕೆಲವು ಚರ್ಚುಗಳು ಬಂದವರೆಲ್ಲರನ್ನೂ ಕರೆಯುತ್ತವೆ, ಬುಲೆಟಿನ್‌ನಲ್ಲಿ ಆ ಚರ್ಚಿನ ಮಾತು ಬರೆದಿರುತ್ತದೆ. ಕ್ಯಾಥೊಲಿಕರನ್ನು ಇಲ್ಲಿ ತಡೆಯುವುದಿಲ್ಲ, ಅವರ ಸ್ವಂತ ಸಭೆಯ ನಿಯಮ ಒಪ್ಪುವುದಿಲ್ಲ ಎಂಬುದು ಅವರೇ ತೂಗಿ ನೋಡಬೇಕಾದ ವಿಷಯ.

ಸ್ವೀಕರಿಸದವರಿಗೆ ಎರಡು ದಾರಿ. ಬೆಂಚಿನಲ್ಲೇ ಕೂತಿರಬಹುದು, ಪಕ್ಕದವರು ದಾಟಿ ಹೋಗಲು ಮೊಣಕಾಲು ಓರೆ ಮಾಡಿಕೊಂಡರೆ ಆಯಿತು. ಇಲ್ಲವೇ ಎಲ್ಲರ ಜೊತೆ ಮುಂದೆ ಹೋಗಿ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ, ಅಂಗೈ ಭುಜ ಮುಟ್ಟುವಂತೆ ಇಟ್ಟುಕೊಳ್ಳಿ. ಪಾದ್ರಿ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ. ಬೇರೆ ಧರ್ಮದವರೂ ಹೀಗೆ ಹೋಗಬಹುದು. ಅದರಿಂದ ಮತಾಂತರವಾದಂತೆ ಯಾರೂ ತಿಳಿಯುವುದಿಲ್ಲ.

ಸ್ವೀಕರಿಸುವವರಿಗೆ ಹೆಜ್ಜೆಗಳು ಇವು. ಅಷರ್ ನಿಮ್ಮ ಸಾಲಿನ ಪಕ್ಕ ಬಂದು ನಿಂತಾಗ ಏಳಿ. ನಡುವಿನ ದಾರಿಯಲ್ಲಿ ಹೋಗಿ, ಪಕ್ಕದ ದಾರಿಯಲ್ಲಿ ವಾಪಸ್ ಬರುವುದು ವಾಡಿಕೆ. ಲಿಪ್‌ಸ್ಟಿಕ್ ಇದ್ದರೆ ಹೋಗುವ ಮುನ್ನ ಒರೆಸಿಕೊಳ್ಳಿ, ಬಟ್ಟಲು ಒರೆಸುವ ಬಿಳಿ ಬಟ್ಟೆಯಿಂದ ಆ ಕಲೆ ತೆಗೆಯುವುದು ಬಲಿಪೀಠದ ಬಟ್ಟೆ-ಪಾತ್ರೆ ನೋಡಿಕೊಳ್ಳುವ ಆಲ್ಟರ್ ಗಿಲ್ಡಿನವರಿಗೆ ದೊಡ್ಡ ಕೆಲಸ. ಬಲಿಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿ ಅಥವಾ ನಿಂತು, ತೀರ್ಥಕ್ಕೆ ಕೈ ಒಡ್ಡುವ ಹಾಗೆ ಎಡಗೈಯ ಮೇಲೆ ಬಲಗೈ ಇಟ್ಟು ಅಂಗೈ ಚಾಚಿ. ರೊಟ್ಟಿಯನ್ನು ಅಂಗೈಯಲ್ಲಿಡುತ್ತಾರೆ, ಬೆರಳಿನಿಂದ ಎಳೆದುಕೊಳ್ಳಬೇಡಿ. ಅವರ ಮಾತು ಮುಗಿದಾಗ ‘ಆಮೆನ್’ ಎಂದು ಅಲ್ಲೇ ತಿನ್ನಬೇಕು. ಮನೆಯಲ್ಲಿ ಅಜ್ಜಿಗಿರಲಿ ಎಂದು ಕರವಸ್ತ್ರದಲ್ಲಿ ಕಟ್ಟಿಕೊಳ್ಳುವುದು ನಮ್ಮಲ್ಲಿ ಸಹಜ, ಇಲ್ಲಿ ಅದು ಕೂಡದು. ಇದು ಪ್ರಾರ್ಥಿಸಿ ಪವಿತ್ರಗೊಳಿಸಿದ ರೊಟ್ಟಿ, ಒಂದು ಚೂರು ಹೊರಗೆ ಹೋದರೂ ಅವರಿಗೆ ಆತಂಕ. ಬರಲಾಗದ ಮನೆಯವರಿಗೆ ಬೇಕಿದ್ದರೆ ಪಾದ್ರಿಗೆ ಹೇಳಿ, ಚರ್ಚಿನವರೇ ಮನೆಗೆ ತರುತ್ತಾರೆ.

ತೆಳ್ಳನೆಯ ಬಿಳಿ ಬಿಲ್ಲೆಯಾಗಿದ್ದರೆ ಅದು ಬರಿ ಗೋಧಿ ಹಿಟ್ಟು, ನೀರು. ಮನೆಯಲ್ಲಿ ಸುಟ್ಟ ರೊಟ್ಟಿಯಾದರೆ ಹಾಲು, ಜೇನು ಸೇರಿರಬಹುದು. ಗ್ಲೂಟನ್ ಆಗದವರು ಮೊದಲೇ ಅಷರ್‌ಗೆ ತಿಳಿಸಿ.

ಬಟ್ಟಲಿನಲ್ಲಿರುವುದು ನಿಜವಾದ ದ್ರಾಕ್ಷಾರಸ, ಮದ್ಯಾಂಶ ಇರುವಂಥದ್ದು. ಬಟ್ಟಲು ಹತ್ತಿರ ಬಂದಾಗ ಅದರ ಬುಡವನ್ನು ಒಂದು ಕೈಯಲ್ಲಿ ಮೆಲ್ಲಗೆ ಹಿಡಿದು ತುಟಿಗೆ ತಂದುಕೊಳ್ಳಿ, ಒಂದು ಗುಟುಕು ಸಾಕು. ಸುಮ್ಮನೆ ಬಾಯಿ ತೆರೆದು ನಿಂತರೆ ಹಿಡಿದವರಿಗೆ ಎಷ್ಟು ಓರೆ ಮಾಡಬೇಕೆಂದು ತಿಳಿಯದೆ ಕುತ್ತಿಗೆಗೆ ಚೆಲ್ಲುತ್ತದೆ. ರೊಟ್ಟಿಯನ್ನು ಅದ್ದಿ ತಿನ್ನುವ ಪದ್ಧತಿಯೂ ಕೆಲವೆಡೆ ಇದೆ. ನೀವೇ ಅದ್ದಿದರೆ ಬೆರಳ ತುದಿ ರಸಕ್ಕೆ ತಾಗುತ್ತದೆಂದು ಹಲವು ಚರ್ಚುಗಳಲ್ಲಿ ಬಟ್ಟಲು ಹಿಡಿದವರೇ ಅದ್ದಿ ಕೊಡುತ್ತಾರೆ. ಮದ್ಯ ಮುಟ್ಟದವರು ರೊಟ್ಟಿ ಮಾತ್ರ ತೆಗೆದುಕೊಂಡು, ಬಟ್ಟಲು ಬಂದಾಗ ಕೈಗಳನ್ನು ಎದೆಗೆ ಅಡ್ಡ ಇಟ್ಟರೆ ಸಾಕು. ಒಂದನ್ನೇ ಸ್ವೀಕರಿಸಿದರೂ ಪೂರ್ಣ ಸ್ವೀಕಾರವೇ ಎಂಬುದು ಈ ಸಭೆಯ ಬೋಧನೆ.

ಕಾಫಿ ಹೊತ್ತು

ಕಡೆಯ ಹಾಡಾದ ಮೇಲೆ ಪಾದ್ರಿ ಬಾಗಿಲ ಬಳಿ ನಿಂತು ಎಲ್ಲರ ಕೈ ಕುಲುಕುತ್ತಾರೆ. ‘ಫಾದರ್’ ಎಂದೋ ‘ಮದರ್’ ಎಂದೋ ಕರೆಯುವವರಿದ್ದಾರೆ, ಬರಿ ಹೆಸರು ಹಿಡಿದು ಕರೆಯಿರಿ ಎನ್ನುವ ಪಾದ್ರಿಗಳೂ ಇದ್ದಾರೆ. ಬುಲೆಟಿನ್‌ನ ಹಿಂಬದಿ ನೋಡಿದರೆ ತಿಳಿಯುತ್ತದೆ. ಉದ್ದದ ಪ್ರಶ್ನೆ ಇದ್ದರೆ ಆ ಸಾಲಿನಲ್ಲಿ ಕೇಳಬೇಡಿ, ವಾರದ ನಡುವೆ ಭೇಟಿಗೆ ಸಮಯ ಕೇಳಿ. ಸಂತೋಷದಿಂದ ಕೊಡುತ್ತಾರೆ.

ಪಕ್ಕದ ಹಾಲ್‌ನಲ್ಲಿ ಕಾಫಿ, ಬಿಸ್ಕತ್ತು, ಹಣ್ಣು, ಚೀಸ್. ಕಾಫಿ ನೀರು ನೀರಾಗಿರುತ್ತದೆ, ಚಿಕ್ಕಮಗಳೂರಿನವರು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಸಸ್ಯಾಹಾರಿಗಳು ಅಲುಗಾಡುವ ಜೆಲ್ಲಿಯಂಥ ಸಿಹಿತಿಂಡಿ ಬಿಡಿ, ಜೆಲಟಿನ್ ಪ್ರಾಣಿಮೂಲದ್ದು. ಬಟಾಣಿ ಸೂಪಿನಲ್ಲೂ ಹಂದಿ ಮಾಂಸದ ತುಂಡು ಹಾಕುವುದುಂಟು, ಕೇಳಿಯೇ ಬಡಿಸಿಕೊಳ್ಳಿ. ಮುಂದೊಮ್ಮೆ ಪಾಟ್‌ಲಕ್ ಊಟಕ್ಕೆ (ಎಲ್ಲರೂ ಒಂದೊಂದು ತಿನಿಸು ತರುವ ಊಟ) ಚಿತ್ರಾನ್ನ ಒಯ್ದರೆ ಏನೇನು ಹಾಕಿದೆ ಎಂದು ಚೀಟಿ ಅಂಟಿಸಿ, ಕಡಲೆಬೀಜವನ್ನು ಮೊದಲು ಬರೆಯಿರಿ. ಆ ಅಲರ್ಜಿ ಅಲ್ಲಿ ತಮಾಷೆಯ ಮಾತಲ್ಲ.

ಸ್ವಾಗತ ಚೆನ್ನಾಗಿರುವ ಚರ್ಚಿನಲ್ಲಿ ಯಾರಾದರೂ ಬಂದು ಮಾತಾಡಿಸುತ್ತಾರೆ. ಹಳೆಯ ಗೆಳೆಯರೇ ಗುಂಪು ಕಟ್ಟಿ ನಿಂತು ನಿಮ್ಮನ್ನು ಕಾಣದೇ ಹೋಗುವುದೂ ನಡೆಯುತ್ತದೆ, ಫಲಕದಲ್ಲಿ ಏನೇ ಬರೆದಿರಲಿ. ಕಾಫಿ ಸುರಿಯುತ್ತಿರುವವರ ಬಳಿ ಹೋಗಿ ನಿಂತುಕೊಳ್ಳಿ. ಅವರು ಊರಿನ ಎಲ್ಲರನ್ನೂ ಬಲ್ಲವರಾಗಿರುತ್ತಾರೆ, ಕೈಗೆ ಕೆಲಸವಿರುವವರ ಜೊತೆ ಮಾತೂ ಸಲೀಸು. ಭೇಟಿಯ ಚೀಟಿ ತುಂಬಿದರೆ ವಾರದೊಳಗೆ ಒಂದು ಇ-ಮೇಲ್ ಬರಬಹುದು. ಅದು ಬೇಡವಾದರೆ ಚೀಟಿ ತುಂಬಬೇಡಿ, ಯಾರೂ ಕೇಳುವುದಿಲ್ಲ.

ಮತ್ತೆ ಮತ್ತೆ ಹೋಗುವವರಿಗೆ

ಸದಸ್ಯರಾಗಲು ಬಯಸುವ ಸಿಎಸ್‌ಐನವರು ತಮ್ಮ ಊರಿನ ಸಭಾಪಾಲಕರಿಂದ ವರ್ಗಾವಣೆ ಪತ್ರ ತರಿಸಿಕೊಳ್ಳಬೇಕು. ಅದರಲ್ಲಿ ದೀಕ್ಷಾಸ್ನಾನ ಮತ್ತು ದೃಢೀಕರಣದ (ಕನ್ಫರ್ಮೇಶನ್) ತಾರೀಖುಗಳಿರಲಿ. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ, ಇನಿಷಿಯಲ್ ಬಿಡಿಸಿ ಬರೆಸಿ. ಇಲ್ಲದಿದ್ದರೆ ಮುಂದೆ ಮಗಳ ಮದುವೆಯ ಕಾಗದಪತ್ರದ ಹೊತ್ತಿಗೆ ತಲೆನೋವಾಗುತ್ತದೆ. ಬೇರೆ ಸಭೆಯಲ್ಲಿ ದೀಕ್ಷಾಸ್ನಾನ ಆದವರಿಗೆ ಮತ್ತೊಮ್ಮೆ ಮಾಡುವುದಿಲ್ಲ, ಬಿಷಪ್ ಬಂದ ದಿನ ದೃಢೀಕರಿಸುತ್ತಾರೆ ಅಥವಾ ಸಭೆಗೆ ಬರಮಾಡಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ಕೆಲವು ವಾರಗಳ ತರಗತಿ ಇರುತ್ತದೆ. ಸುಮ್ಮನೆ ತಿಳಿದುಕೊಳ್ಳಲು ಬಯಸುವವರೂ ಅಲ್ಲಿ ಕೂರಬಹುದು. ಅಕ್ಟೋಬರ್-ನವೆಂಬರ್ ಹೊತ್ತಿಗೆ ವಾಗ್ದಾನದ ಕಾರ್ಡ್ ಬರುತ್ತದೆ. ಅದು ಚಂದಾ ಅಲ್ಲ, ಬರುವ ವರ್ಷ ಎಷ್ಟು ಕೊಡಬಹುದೆಂಬ ಅಂದಾಜು. ಅದನ್ನು ನೋಡಿಕೊಂಡು ವೆಸ್ಟ್ರಿ ಎಂಬ ಆಡಳಿತ ಮಂಡಳಿ ಬಜೆಟ್ ಹಾಕುತ್ತದೆ.

ನಿಮಗೆ ಕನ್ನಡ ಬರುತ್ತದೆಂದು ತಿಳಿದರೆ ಪೆಂತೆಕೋಸ್ತ್ ಭಾನುವಾರಕ್ಕೆ, ಅಂದರೆ ಈಸ್ಟರ್ ಕಳೆದ ಏಳನೇ ವಾರಕ್ಕೆ, ಓದಲು ಕೇಳುವ ಸಾಧ್ಯತೆ ಇದೆ. ಶಿಷ್ಯರು ನಾನಾ ಭಾಷೆಗಳಲ್ಲಿ ಮಾತಾಡಿದ ಘಟನೆ ಅಂದಿನ ಪಾಠ, ಅಪೊಸ್ತಲರ ಕೃತ್ಯಗಳು ಎರಡನೇ ಅಧ್ಯಾಯ. ಅನೇಕ ಚರ್ಚುಗಳು ಅದನ್ನು ಬೇರೆ ಬೇರೆ ಭಾಷೆಗಳಲ್ಲಿ ಓದಿಸುತ್ತವೆ. ಒಪ್ಪಿಕೊಂಡರೆ ನಿಮ್ಮ ಪಾಲಿಗೆ ಎಷ್ಟು ವಚನ ಎಂದು ಮೊದಲೇ ಕೇಳಿ. ಒಂಬತ್ತರಿಂದ ಹನ್ನೊಂದು ಬಂದಿದ್ದರೆ ಮನೆಯಲ್ಲಿ ನಾಲ್ಕು ಸಲ ಜೋರಾಗಿ ಓದಿಕೊಂಡು ಹೋಗಿ, ಆ ಜನಾಂಗಗಳ ಹೆಸರಿನ ಪಟ್ಟಿ ಕನ್ನಡದಲ್ಲೂ ನಾಲಿಗೆಗೆ ಸುಲಭವಲ್ಲ.